ಹಳದಿ ಹಗ್ಗ ಎಳೆದವಳು

ಹನ್ನೊಂದು ವರ್ಷ ನಾನು ಬೇರೆಯವರ ಮಾತು ಆಡಿ ಸಂಬಳ ತೆಗೆದುಕೊಂಡೆ. ಪುಣೆಯ ಹತ್ತಿರ ದೇಹೂ ರೋಡ್ ದಾಟಿ ಇನ್ನಷ್ಟು ಮುಂದೆ ಹೋದರೆ ಒಂದು ಕಾರ್ಖಾನೆ. ಅಲ್ಲಿ ಕಾರಿನ ಬಾಗಿಲಿನ ಲಾಕ್ ತಯಾರಾಗುತ್ತಿತ್ತು, ನಾನು ಅಲ್ಲಿ ಜಪಾನಿ ದುಭಾಷಿ. ಜಪಾನಿನವರು ಹೇಳಿದ್ದನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಬೇಕು, ಇಲ್ಲಿಯವರು ಹೇಳಿದ್ದನ್ನು ಜಪಾನಿಯಲ್ಲಿ ಹೇಳಬೇಕು. ನನ್ನ ಅಭಿಪ್ರಾಯ ಯಾವ ಭಾಷೆಯಲ್ಲೂ ಬೇಕಿರಲಿಲ್ಲ.

ಜಪಾನಿ ಕಲಿತದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಕಾಲೇಜು ಮುಗಿದ ವರ್ಷ ಜರ್ಮನ್ ತರಗತಿಗೆ ಹೆಸರು ಹಚ್ಚಲು ಹೋದೆ. ಅದು ತುಂಬಿತ್ತು. ಪಕ್ಕದ ಕೋಣೆಯಲ್ಲಿ ಜಪಾನಿ ನಡೆಯುತ್ತಿತ್ತು, ಅಲ್ಲಿ ಜಾಗವೂ ಇತ್ತು, ಫ್ಯಾನೂ ಇತ್ತು. ಮನೆಗೆ ಬಂದು ಹೇಳಿದಾಗ ಅವ್ವ, “ಆ ಮಂದಿ ಏನು ತಿಂತಾರ?” ಅಂತ ಒಂದೇ ಪ್ರಶ್ನೆ ಕೇಳಿದಳು. ಮೀನು ಅಂದೆ. “ನೀ ಮಾತು ಅಷ್ಟ ಕಲಿ” ಅಂದಳು.

ನಮ್ಮ ಕಾರ್ಖಾನೆಯ ಮುಖ್ಯಸ್ಥರು ಜಪಾನಿನವರು. ಐವತ್ತೆಂಟರ ಆಸುಪಾಸು, ತೆಳ್ಳಗಿನ ಮನುಷ್ಯ. ಬಂದ ಮೊದಲ ವಾರವೇ ಅವರು ಜೋಡಣೆಯ ಲೈನಿನ ಉದ್ದಕ್ಕೂ, ಕೈಗೆ ಎಟುಕುವ ಎತ್ತರದಲ್ಲಿ, ಒಂದು ಹಳದಿ ಹಗ್ಗ ಕಟ್ಟಿಸಿದರು. ಯಾರಿಗೇ ಆಗಲಿ, ಕೆಲಸದಲ್ಲಿ ತಪ್ಪು ಕಂಡರೆ ಆ ಹಗ್ಗ ಎಳೆಯಬೇಕು. ಎಳೆದ ಕೂಡಲೇ ಲೈನ್ ನಿಲ್ಲುತ್ತದೆ, ಕೆಂಪು ದೀಪ ಹತ್ತುತ್ತದೆ, ಮಕ್ಕಳ ಆಟಿಕೆಯಿಂದ ಬರುವಂಥ ಒಂದು ಸಂಗೀತ ಶುರುವಾಗುತ್ತದೆ. ಎಲ್ಲರೂ ಓಡಿ ಬಂದು ತಪ್ಪು ಏನೆಂದು ನೋಡಬೇಕು. ಅವರ ಊರಿನ ಕಾರ್ಖಾನೆಯಲ್ಲಿ ಈ ಸಂಗೀತ ದಿನಕ್ಕೆ ಹತ್ತಾರು ಸಲ ಕೇಳುತ್ತದಂತೆ.

ನಮ್ಮಲ್ಲಿ ಮೊದಲ ನಾಲ್ಕು ತಿಂಗಳಲ್ಲಿ ಒಂದೇ ಸಲ ಕೇಳಿತು. ಯಾರೋ ಹಗ್ಗದ ಮೇಲೆ ಒದ್ದೆ ಟವೆಲ್ ಒಣಹಾಕಿದ್ದರು. ಸಂಗೀತ ಶುರುವಾದ ಕೂಡಲೇ ಎಲ್ಲರೂ ಕೆಲಸ ಬಿಟ್ಟು ನೆಟ್ಟಗೆ ನಿಂತರು. ಯಾಕೆ ನಿಂತರೆಂದು ಯಾರಿಗೂ ಗೊತ್ತಿರಲಿಲ್ಲ. ಟವೆಲ್ ತೆಗೆದ ಮೇಲೆ ಕೂತರು.

ಮುಖ್ಯಸ್ಥರಿಗೆ ಚಿಂತೆ ಹತ್ತಿತು. ಲೈನಿನ ಸೂಪರ್‌ವೈಸರ್‌ನನ್ನು ಕರೆದರು. ಆತ ಸಾತಾರಾ ಕಡೆಯವನು, ಇಪ್ಪತ್ತು ವರ್ಷ ಕಬ್ಬಿಣದ ನಡುವೆ ಕಳೆದವನು, ಕೆಲಸ ಬಲ್ಲವನು. ಒಂದು ಸಲವೂ ಹಗ್ಗ ಯಾಕೆ ಎಳೆದಿಲ್ಲ ಅಂತ ಮುಖ್ಯಸ್ಥರು ಕೇಳಿದರು. ಆತ ಮರಾಠಿಯಲ್ಲಿ, “ನಮ್ಮ ಮಂದಿ ತಪ್ಪು ಮಾಡೋದಿಲ್ಲ ಸರ್” ಅಂದ. ನಾನು ಅದನ್ನು ಜಪಾನಿಯಲ್ಲಿ ಹೇಳಿದೆ. ಮುಖ್ಯಸ್ಥರು, “ಸೋ ದೆಸು ಕಾ” ಅಂದರು. ಹಾಗೆಂದರೆ, ಹೌದಾ ಅಂತ. ಆ ಹೌದಾದಲ್ಲಿ ಸಂತೋಷವೂ ಇರಬಹುದು, ನೀನು ಸುಳ್ಳು ಹೇಳುತ್ತೀ ಎಂಬುದೂ ಇರಬಹುದು. ಯಾವುದೆಂದು ಹೇಳಲು ದುಭಾಷಿಗೆ ಸಂಬಳ ಕೊಡುವುದಿಲ್ಲ. ನಾನು ಸೂಪರ್‌ವೈಸರ್‌ಗೆ, “ಹೌದಾ ಅಂತಿದ್ದಾರೆ” ಅಂದೆ. ಆತ ಖುಷಿಯಿಂದ ಹೋದ.

ಅದರ ಮುಂದಿನ ತಿಂಗಳು ಕಂಪನಿ ನಮ್ಮನ್ನು ಪುಣೆಯ ಇನ್ನೊಂದು ತುದಿಯಲ್ಲಿರುವ ಖರಾಡಿಯ ಒಂದು ದೊಡ್ಡ ಹಾಲ್‌ಗೆ ಎರಡು ದಿನದ ತರಬೇತಿಗೆ ಕಳಿಸಿತು. ವಿಷಯ, ದೇಶಗಳ ಸಂಸ್ಕೃತಿ ಮತ್ತು ಏಳಿಗೆ. ತರಬೇತಿ ಕೊಡಲು ಒಬ್ಬ ತಜ್ಞರು ಬಂದಿದ್ದರು. ಅವರ ಪರದೆಯ ಮೇಲೆ ಪ್ರತಿ ದೇಶಕ್ಕೂ ಒಂದೊಂದು ಬಣ್ಣ. ಕೆಲವು ದೇಶಗಳ ಜನ ಪ್ರಶ್ನೆ ಕೇಳುತ್ತಾರೆ, ತಪ್ಪು ಒಪ್ಪಿಕೊಳ್ಳುತ್ತಾರೆ, ಅದಕ್ಕೇ ಅವು ಸಿರಿವಂತವಾದವು. ಕೆಲವು ದೇಶಗಳ ಜನ ಮೇಲಿನವರಿಗೆ ಅಂಜುತ್ತಾರೆ, ಅದಕ್ಕೇ ಹಿಂದುಳಿದವು. ನಮ್ಮದು ಕಿತ್ತಳೆ ಬಣ್ಣದಲ್ಲಿತ್ತು. ಕಿತ್ತಳೆ ಅಂದರೆ ಅಂಜುವವರು. ತಜ್ಞರು ಇದನ್ನು ಹೇಳಿ, ಯಾರಿಗಾದರೂ ಪ್ರಶ್ನೆಗಳಿವೆಯೇ ಅಂತ ಕೇಳಿದರು. ಯಾರೂ ಕೇಳಲಿಲ್ಲ. ತಜ್ಞರಿಗೆ ಸಮಾಧಾನವಾದಂತೆ ಕಂಡಿತು.

ನಾನು ಮುಖ್ಯಸ್ಥರ ಪಕ್ಕದಲ್ಲಿ ಕೂತು ಎಲ್ಲವನ್ನೂ ಅವರ ಕಿವಿಯಲ್ಲಿ ಜಪಾನಿಗೆ ತಿರುಗಿಸುತ್ತಿದ್ದೆ. ಕಿತ್ತಳೆ ಬಣ್ಣ ಬಂದಾಗ ನನಗೆ ನಮ್ಮ ಮನೆಯ ಒಂದು ಸಂಗತಿ ನೆನಪಾಯಿತು. ನನಗೆ ಆಗ ಹತ್ತು ವರ್ಷ. ಅಪ್ಪ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಕ್ಲರ್ಕ್. ಬೇಸಿಗೆ ರಜೆಯಲ್ಲಿ ಧಾರವಾಡಕ್ಕೆ ಹೊರಟಿದ್ದೆವು. ಪುಣೆ ಸ್ಟೇಶನ್ನಿನಲ್ಲಿ ಅಪ್ಪ ನಮ್ಮನ್ನೆಲ್ಲ ಒಂದು ಗಾಡಿಗೆ ಹತ್ತಿಸಿದ. ಅದು ಸೊಲ್ಲಾಪುರದ ಗಾಡಿ. ಪ್ಲಾಟ್‌ಫಾರ್ಮಿನಲ್ಲೇ ಅವ್ವ ಬೋರ್ಡ್ ಓದಿದ್ದಳು. ಅಣ್ಣನೂ ಓದಿದ್ದ. ನಾನೂ ಓದಿದ್ದೆ. ಆದರೆ ಅಪ್ಪನಿಗೆ ಹೇಳುವುದು ಹ್ಯಾಗೆ? ಧಾರವಾಡದ ದಾರಿಯಲ್ಲಿ ಬರದ ದೌಂಡ್ ಬಂತು. ಅವ್ವ ಕಿಟಕಿಯಾಚೆ ನೋಡಿ, “ಊಟಾ ಮಾಡೂಣು” ಅಂದಳು. ಮಾಡಿದೆವು. ಸೊಲ್ಲಾಪುರದಲ್ಲಿ ಇಳಿದಾಗ ಅಪ್ಪ ಸುತ್ತ ನೋಡಿದ, ಆಮೇಲೆ, “ಸಿದ್ಧೇಶ್ವರನ ದರ್ಶನಾ ಮಾಡಿ ಮುಂದ ಹೋಗೂಣು ಅಂತನ ಈ ಗಾಡಿ ಹಿಡದೆ” ಅಂದ. ದರ್ಶನ ಮಾಡಿದೆವು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಸೊಲ್ಲಾಪುರದ ಯಾತ್ರೆ ಎಂದೇ ಆಯಿತು. ಹಾಗಾಗಿ ತಜ್ಞರು ಹೇಳುತ್ತಿದ್ದುದು ಸುಳ್ಳು ಅಂತ ನನಗೆ ಅನ್ನಿಸಲಿಲ್ಲ.

ಚಹದ ಹೊತ್ತಿನಲ್ಲಿ ಮುಖ್ಯಸ್ಥರು ಬಿಸ್ಕೀಟು ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. “ಜಪಾನಿಗೆ ಯಾವ ಬಣ್ಣ ಹಾಕಿದ್ದರು?” ಅಂತ ಕೇಳಿದರು. ಹಸಿರು ಅಂದೆ. ಅವರು ಬಿಸ್ಕೀಟು ಪೂರ್ತಿ ತಿಂದು ಮುಗಿಸಿದರು. ಆಮೇಲೆ ಹೇಳಿದರು:

“ನಾನು ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಸಲ ಹಗ್ಗ ಎಳೆದೆ. ನಮ್ಮ ವಿಭಾಗದ ಮುಖ್ಯಸ್ಥ ಬಂದು ಡ್ರಾಯಿಂಗ್ ಹಾಳೆಗಳನ್ನು ಸುರುಳಿ ಮಾಡಿ ನನ್ನ ತಲೆಗೆ ಬಾರಿಸಿದ. ಆ ಕಾರ್ಖಾನೆಯಲ್ಲಿ ಎರಡು ವರ್ಷ ಯಾರೂ ಹಗ್ಗ ಮುಟ್ಟಲಿಲ್ಲ.”

“ಆಮೇಲೆ?”

“ಆ ಮನುಷ್ಯ ನಿವೃತ್ತನಾದ. ಅವನ ನಂತರ ಬಂದವನು ಹಗ್ಗ ಎಳೆದವರಿಗೆ ಥ್ಯಾಂಕ್ಸ್ ಹೇಳುತ್ತಿದ್ದ. ನಾವು ಎಳೆಯತೊಡಗಿದೆವು. ಎಳೆಯದಿದ್ದಾಗಲೂ ನಾವು ಜಪಾನಿನವರೇ ಆಗಿದ್ದೆವು.”

ಇದನ್ನು ಯಾರಿಗೂ ತರ್ಜುಮೆ ಮಾಡಬೇಕಾಗಿರಲಿಲ್ಲ, ನನಗೇ ಹೇಳಿದ್ದು. ಆದ್ದರಿಂದ ಏನು ಮಾಡಬೇಕೆಂದು ತಿಳಿಯದೆ ನಾನೂ ಒಂದು ಬಿಸ್ಕೀಟು ತೆಗೆದುಕೊಂಡೆ.

ಈಗ ಆ ಹೆಂಗಸಿನ ವಿಷಯ ಹೇಳಬೇಕು. ನಮ್ಮ ಲೈನಿನ ಕೊನೆಯಲ್ಲಿ ತಯಾರಾದ ಲಾಕ್‌ಗಳನ್ನು ಒಂದೊಂದಾಗಿ ತೆಗೆದು ಮುಚ್ಚಿ ನೋಡುವ ಕೆಲಸ ಅವಳದು. ವಯಸ್ಸು ಮೂವತ್ತೈದು ಇರಬಹುದು. ಗೋಕಾಕದ ಹತ್ತಿರದ ಹಳ್ಳಿಯವಳು, ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಕಂಪನಿಯ ಖಾಯಂ ನೌಕರಳಲ್ಲ, ಕಾಂಟ್ರಾಕ್ಟರ್ ಕಳಿಸಿದವಳು. ಕಾರ್ಖಾನೆಯಲ್ಲಿ ಎಲ್ಲರೊಡನೆ ಮರಾಠಿ ಆಡುತ್ತಿದ್ದಳು. ಒಂದು ದಿನ ಕಂಪನಿಯ ಬಸ್ಸಿನಲ್ಲಿ ನಾನು ಫೋನಿನಲ್ಲಿ ಅಕ್ಕನೊಡನೆ ಮಾತಾಡುವುದನ್ನು ಕೇಳಿ, ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು.

“ನೀವು ಧಾರವಾಡದವರೇನ್ರಿ? ಅದ ಅದ ಅಂತೀರಿ,” ಅಂದಳು.

“ನೀವು?”

“ನಮ್ದು ಐತಿ ಐತಿ ಅನ್ನೂ ಕಡಿ ಬಿಡ್ರಿ.”

ಇದೆ ಎಂಬುದಕ್ಕೆ ನಾವು ಅದ ಅನ್ನುತ್ತೇವೆ, ಅವರು ಐತಿ ಅನ್ನುತ್ತಾರೆ. ಅಂದಿನಿಂದ ದಿನಾ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಸೀಟು ಖಾಲಿ ಇಲ್ಲದಿದ್ದರೆ ಅಲ್ಲಿದ್ದವರನ್ನು ಎಬ್ಬಿಸುತ್ತಿದ್ದಳು. ಎಬ್ಬಿಸುವಾಗ ಅವಳಿಗೆ ಅಂಜಿಕೆ ಇರುತ್ತಿರಲಿಲ್ಲ.

ಖರಾಡಿಯಿಂದ ಬಂದ ಕೆಲವು ದಿನಗಳಿಗೆ ಅವಳು ಬಸ್ಸಿನಲ್ಲಿ, “ಅಕ್ಕಾರ, ಲಾಕಿನ ಸಪ್ಪಳ ಬದಲಾಗೇತ್ರಿ” ಅಂದಳು.

“ಅಂದ್ರ?”

“ಮೊದಲ ಟಕ್ ಅಂತಿತ್ರಿ. ಈಗ ಒಂದೊಂದು ಟಕ್ ಅಂದು, ಹಿಂದಿಂದ ಸಣ್ಣಂಗ ಇನ್ನೊಂದು ಅಂತೈತಿ. ಒಳಗಿನ ಸ್ಪ್ರಿಂಗ್ ಸರಿ ಇಲ್ಲ ಅನಸ್ತೈತಿ. ಸೂಪರ್‌ವೈಸರ್‌ಗ ಮೂರು ಸಲ ಹೇಳೀನ್ರಿ. ಚಾಲ್ತಂಯ್ ಅಂದಾರು.”

ಚಾಲ್ತಂಯ್ ಅಂದರೆ ನಡೆಯುತ್ತದೆ ಬಿಡು ಅಂತ. ಪುಣೆಯಲ್ಲಿ ಅರ್ಧ ಕೆಲಸ ಆ ಮಾತಿನ ಮೇಲೆಯೇ ನಡೆಯುತ್ತದೆ.

“ಹಗ್ಗಾ ಎಳೀರಲಾ,” ಅಂದೆ.

ಅವಳು ನನ್ನನ್ನು ನೋಡಿದಳು. “ಎಳದ ಮ್ಯಾಲ ನನ್ನ ಯಾರು ಕಾಯ್ತಾರ್ರಿ? ನೀವ ಆ ಜಪಾನಿ ಸಾಹೇಬರಿಗೆ ಒಂದ ಮಾತು ಹೇಳ್ರಿ. ನಿಮಗ ಅವರ ಮಾತು ಬರತೈತಿ.”

ನಾನು ಬಹಳ ತಿಳಿಹೇಳುವ ದನಿಯಲ್ಲಿ, ದುಭಾಷಿ ತನ್ನ ಸ್ವಂತ ಮಾತು ಆಡುವ ಹಾಗಿಲ್ಲ, ಯಾರಾದರೂ ಹೇಳಿದ್ದನ್ನಷ್ಟೇ ಹೇಳಬೇಕು ಎಂದು ವಿವರಿಸಿದೆ. ಅದು ನಿಯಮ ಅಂದೆ.

“ನಾ ಹೇಳಾಕತ್ತೀನಲ್ರಿ,” ಅಂದಳು.

ನಾನು ಕಿಟಕಿಯ ಕಡೆ ತಿರುಗಿದೆ. ಅವ್ವ ದೌಂಡಿನಲ್ಲಿ ತಿರುಗಿದ್ದು ಹೀಗೇ ಇರಬೇಕು.

ಮುಂದಿನ ಮಂಗಳವಾರ, ಬೆಳಗಿನ ಚಹಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ, ಸಂಗೀತ ಶುರುವಾಯಿತು. ಎಲ್ಲರ ಕಣ್ಣೂ ಟವೆಲ್ ಹುಡುಕಿದವು. ಟವೆಲ್ ಇರಲಿಲ್ಲ. ಲೈನಿನ ಕೊನೆಯಲ್ಲಿ ಅವಳು ಹಗ್ಗವನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. ಬಿಟ್ಟರೆ ಓಡಿ ಹೋಗುತ್ತದೇನೋ ಎಂಬಂತೆ ಗಟ್ಟಿಯಾಗಿ ಹಿಡಿದಿದ್ದಳು.

ಸೂಪರ್‌ವೈಸರ್ ಮೊದಲು ತಲುಪಿದ. “ಯಾರು ಹೇಳಿದ್ದು ನಿನಗೆ?” ಅಂತ ಮರಾಠಿಯಲ್ಲಿ ಕೂಗಿದ. ಅಷ್ಟರಲ್ಲಿ ಮುಖ್ಯಸ್ಥರು ಬಹುತೇಕ ಓಡುತ್ತ ಬಂದರು. ಹಿಂದೆ ನಾನು. ಅವರ ಮುಖದಲ್ಲಿ ಮಗುವಿಗೆ ಮೊದಲ ಹಲ್ಲು ಬಂದದ್ದನ್ನು ಕಂಡವರ ಸಂಭ್ರಮ ಇತ್ತು.

“ಏನು ನೋಡಿದಿರಿ?” ಅಂತ ಕೇಳಿದರು. ನಾನು ಮರಾಠಿಗೆ ತಿರುಗಿಸಿದೆ.

ಅವಳ ಬಾಯಿಂದ ಮರಾಠಿ ಹೊರಡಲಿಲ್ಲ. ಗಾಬರಿಯಲ್ಲಿ ಕನ್ನಡ ಬಂತು. “ನೋಡಿಲ್ರಿ. ಕೇಳಿಸ್ತ್ರಿ. ಎರಡು ಸಪ್ಪಳ ಬರಾಕತ್ತಾವು.”

ಅಲ್ಲಿ ನಿಂತವರಲ್ಲಿ ಅದು ತಿಳಿದದ್ದು ನನಗೊಬ್ಬಳಿಗೆ. ನಾನು ಬಾಯಿ ತೆರೆಯುವ ಮೊದಲೇ ಸೂಪರ್‌ವೈಸರ್ ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, “ಮೇಡಂ, ಕೈ ತಪ್ಪಿ ತಗಲಿತು ಅಂತ ಹೇಳಿ. ಅವಳದೇ ಒಳ್ಳೇದಕ್ಕೆ ಹೇಳ್ತಿದ್ದೇನೆ. ಕಾಂಟ್ರಾಕ್ಟಿನವಳು” ಅಂದ. ಅವನ ಮುಖದಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು.

ನಾನು ಮುಖ್ಯಸ್ಥರಿಗೆ ಜಪಾನಿಯಲ್ಲಿ, “ಕೈ ತಪ್ಪಿ ತಗಲಿತಂತೆ” ಅಂದೆ.

ಯಾಕೆ ಹಾಗೆಂದೆ ಅಂತ ನಾನು ಆಮೇಲೆ ಬಹಳ ಸಲ ನನ್ನನ್ನು ಕೇಳಿಕೊಂಡಿದ್ದೇನೆ. ಅವಳ ಕೆಲಸ ಉಳಿಯಲೆಂದು ಹಾಗೆಂದೆ ಅಂತ ಹೇಳಿಕೊಳ್ಳಬಹುದು. ಆದರೆ ನಿಜವಾಗಿ, ಅಲ್ಲಿ ಇಬ್ಬರು ಸಾಹೇಬರಿದ್ದರು, ಇಬ್ಬರೂ ಸಿಟ್ಟಾಗದಂಥ ಒಂದು ವಾಕ್ಯ ಸಿಕ್ಕಿತು, ಹೇಳಿದೆ. ಹನ್ನೊಂದು ವರ್ಷದಲ್ಲಿ ಅಂಥ ವಾಕ್ಯ ಎಷ್ಟು ಹೇಳಿದ್ದೆನೋ. ಒರಟು ಮಾತನ್ನು ಮೆತ್ತಗೆ ಮಾಡಿ, ಆಗುವುದಿಲ್ಲ ಎಂಬುದನ್ನು ನೋಡೋಣ ಮಾಡಿ. ಎಲ್ಲರೂ ನನ್ನನ್ನು ಒಳ್ಳೆಯ ದುಭಾಷಿ ಅನ್ನುತ್ತಿದ್ದರು.

ಮುಖ್ಯಸ್ಥರ ಮುಖದ ಸಂಭ್ರಮ ಇಳಿಯಿತು. ತಲೆ ಆಡಿಸಿ ತಿರುಗಿದರು.

“ಚಿಗಾವು!”

ಅದು ಅವಳ ದನಿ. ಚಿಗಾವು ಅಂದರೆ ಜಪಾನಿಯಲ್ಲಿ ಅಲ್ಲ, ತಪ್ಪು ಎಂದು. ಜಪಾನಿನಿಂದ ಆಗಾಗ ಬರುತ್ತಿದ್ದ ಇಂಜಿನಿಯರುಗಳು ಲೈನಿನ ಮೇಲೆ ದಿನಕ್ಕೆ ನೂರು ಸಲ ಆ ಮಾತು ಆಡುತ್ತಿದ್ದರು. ಅವಳು ಕೇಳಿ ಕಲಿತಿದ್ದಳು. ನಾನು ಏನು ಹೇಳಿದೆ ಅಂತ ಅವಳಿಗೆ ತಿಳಿದಿರಲಿಲ್ಲ. ಆದರೆ ತಾನು ಮೂರು ಮಾತು ಹೇಳಿದ್ದಕ್ಕೆ ನಾನು ಒಂದೇ ಮಾತು ಹೇಳಿದೆ, ಸಾಹೇಬರು ಹೊರಟೇ ಬಿಟ್ಟರು, ಅಂದಮೇಲೆ ಏನೋ ತಪ್ಪಾಗಿದೆ ಎಂಬುದು ಅವಳಿಗೆ ಸ್ಪಷ್ಟವಿತ್ತು.

ಮುಖ್ಯಸ್ಥರು ನಿಂತರು. ಅವಳನ್ನು ನೋಡಿದರು, ನನ್ನನ್ನು ನೋಡಿದರು. “ಮತ್ತೊಮ್ಮೆ ಕೇಳಿ,” ಅಂದರು. ಈ ಸಲ ಕನ್ನಡದಲ್ಲೇ ಕೇಳಿದೆ. ಅವಳು ಹೇಳಿದ್ದನ್ನು ಪೂರ್ತಿ ಹೇಳಿದೆ. ಟಕ್ ಕೂಡ ಬಿಡಲಿಲ್ಲ.

ಅವಳು ಹದಿನೈದು ಲಾಕ್ ಬೇರೆ ತೆಗೆದಿಟ್ಟಿದ್ದಳು. ಮುಖ್ಯಸ್ಥರು ನೆಲದ ಮೇಲೆ ಕೂತು ಒಂದೊಂದನ್ನೇ ಕಿವಿಗೆ ಹಿಡಿದು ಮುಚ್ಚಿ ತೆಗೆದರು. ಅವರಿಗೆ ಎರಡನೆಯ ಸಪ್ಪಳ ಕೇಳಿಸಲಿಲ್ಲ. ಯಂತ್ರಕ್ಕೆ ಹಾಕಿ ನೋಡಿದರು, ಎಲ್ಲ ಸರಿ ಎಂದು ಹಸಿರು ದೀಪ ಬಂತು. ನಲವತ್ತು ನಿಮಿಷ ಲೈನ್ ನಿಂತಿತ್ತು. ಆದರೂ ಮುಖ್ಯಸ್ಥರು ಎದ್ದು, ಎಲ್ಲರ ಎದುರು ಅವಳಿಗೆ ತಲೆ ಬಾಗಿ ಥ್ಯಾಂಕ್ಸ್ ಹೇಳಿದರು. ಲಾಕ್‌ಗಳನ್ನು ಪ್ರಯೋಗಶಾಲೆಗೆ ಕಳಿಸಿದರು. ಅವಳು ಏನು ಮಾಡಬೇಕೆಂದು ತಿಳಿಯದೆ, ಹಗ್ಗ ಬಿಟ್ಟು, ತಾನೂ ಬಾಗಿದಳು.

ಮರುದಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು.

ಎರಡು ದಿನ ನಾನು ಹುಷಾರಿಲ್ಲವೇನೋ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು. ಮೂರನೆಯ ದಿನ ಫೋನ್ ಮಾಡಿದೆ.

“ಕಾಂಟ್ರಾಕ್ಟರ್ ಬರಬ್ಯಾಡ ಅಂದಾನ್ರಿ,” ಅಂದಳು. ದನಿಯಲ್ಲಿ ಅಳು ಇರಲಿಲ್ಲ. “ಇಲ್ಲೇ ಮೆಸ್ಸಿನ್ಯಾಗ ರೊಟ್ಟಿ ಬಡಿಯೂ ಕೆಲಸ ಸಿಕ್ಕೈತಿ. ನೀವೇನ್ ಚಿಂತಿ ಮಾಡಬ್ಯಾಡ್ರಿ.” ನಾನು ಚಿಂತೆ ಮಾಡುತ್ತಿದ್ದೇನೆ ಅಂತ ಅವಳೇ ಸಮಾಧಾನ ಹೇಳಿದಳು. ಅದನ್ನು ಕೇಳಿ ನನಗೆ ಬಹಳ ಕಷ್ಟವಾಯಿತು.

ಆ ವಾರದ ಕೊನೆಗೆ ಪ್ರಯೋಗಶಾಲೆಯ ವರದಿ ಬಂತು. ಸಾವಿರಾರು ಸಲ ತೆಗೆದು ಮುಚ್ಚಿದ ಮೇಲೆ ಆ ಲಾಕ್‌ಗಳಲ್ಲಿ ಕೆಲವುಗಳ ಸ್ಪ್ರಿಂಗ್ ಸೋತುಹೋಗಿತ್ತು. ಹೊಸದಾಗಿ ಬಂದ ಸ್ಪ್ರಿಂಗಿನ ರಾಶಿಯಲ್ಲೇ ದೋಷ. ಓಡುವ ಕಾರಿನ ಬಾಗಿಲು ತೆರೆದುಕೊಳ್ಳಬಹುದಿತ್ತು. ಮುಖ್ಯಸ್ಥರು ಎಲ್ಲರನ್ನೂ ಮೀಟಿಂಗಿಗೆ ಕರೆದು, ಆ ಹೆಂಗಸನ್ನು ಕರೆಸಿ ಅಂದರು.

ಸಿಬ್ಬಂದಿ ವಿಭಾಗದ ಅಧಿಕಾರಿ, “ಆಕೆ ವೈಯಕ್ತಿಕ ಕಾರಣಕ್ಕೆ ಕೆಲಸ ಬಿಟ್ಟು ಊರಿಗೆ ಹೋದಳು ಸರ್” ಅಂದರು. ನನ್ನ ಕಡೆ ನೋಡಿದರು.

ನಾನು ಆ ವಾಕ್ಯವನ್ನು ಜಪಾನಿಯಲ್ಲಿ ಹೇಳಿದೆ. ಒಂದು ಅಕ್ಷರವೂ ಬದಲಿಸದೆ ಹೇಳಿದೆ. ಆಮೇಲೆ, “ಇಲ್ಲಿಯವರೆಗಿನದು ಅವರ ಮಾತು. ಇನ್ನು ಮುಂದಿನದು ನನ್ನ ಮಾತು” ಅಂದೆ. ಅವಳು ಊರಿಗೆ ಹೋಗಿಲ್ಲ, ಇಲ್ಲೇ ರೊಟ್ಟಿ ಮಾಡುತ್ತಿದ್ದಾಳೆ, ಹಗ್ಗ ಎಳೆದ ಮರುದಿನವೇ ಬರಬೇಡ ಅಂದರು, ಅಂತ ಹೇಳಿದೆ. ಅಂದು ಕೈ ತಪ್ಪಿತು ಅಂತ ಹೇಳಿದ್ದು ಅವಳಲ್ಲ, ಅದನ್ನು ನಾನು ಹೇಳಿದ್ದು ಅಂತಲೂ ಹೇಳಿದೆ. ನನ್ನ ಜಪಾನಿ ಆ ಹೊತ್ತಿಗೆ ಬಹಳ ಕೆಟ್ಟದಾಗಿತ್ತು. ಕ್ರಿಯಾಪದಗಳೆಲ್ಲ ತಪ್ಪಿದವು.

ನಮ್ಮಿಬ್ಬರನ್ನು ಬಿಟ್ಟರೆ ಕೋಣೆಯಲ್ಲಿದ್ದ ಯಾರಿಗೂ ಜಪಾನಿ ಬರುತ್ತಿರಲಿಲ್ಲ. ಆದರೆ ಒಂದು ಸಣ್ಣ ವಾಕ್ಯಕ್ಕೆ ಇಷ್ಟುದ್ದದ ತರ್ಜುಮೆ ಬಂದದ್ದು ಎಲ್ಲರಿಗೂ ಕಂಡಿತ್ತು.

“ಸೋ ದೆಸು ಕಾ,” ಅಂದರು ಮುಖ್ಯಸ್ಥರು. ಅದು ಸಂತೋಷದ ಹೌದಾ ಅಲ್ಲವೆಂದು ಆ ದಿನ ನನಗೆ ಸರಿಯಾಗಿ ತಿಳಿಯಿತು.

ಮರುದಿನ ಬೆಳಿಗ್ಗೆ ಅವರು ಕಾರು ತರಿಸಿ, “ಹೋಗೋಣ” ಅಂದರು. ಅವಳ ಮನೆ ದೇಹೂ ರೋಡ್ ರೈಲು ಗೇಟಿನ ಆಚೆಯ ಓಣಿಯಲ್ಲಿ, ಮಹಡಿಯ ಮೇಲೆ ಒಂದೇ ಕೋಣೆ. ಅವಳು ಮೆಸ್ಸಿಗೆ ಕೊಡುವ ರೊಟ್ಟಿ ಬಡಿಯುತ್ತಿದ್ದಳು. ನಮ್ಮನ್ನು ನೋಡಿ ಎದ್ದಳು, ಕೈಯಲ್ಲಿ ಹಿಟ್ಟು. “ಬರ್ರಿ, ಕುಂಡ್ರ್ರಿ” ಅಂದಳು. ಇದ್ದ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಖ್ಯಸ್ಥರು ಕೂತರು. ಅವಳು ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದಿಟ್ಟಳು. ಅವರು ಚಟ್ನಿಯನ್ನು ಒಂದೇ ತುತ್ತಿಗೆ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಬಹಳ ರುಚಿಯಾಗಿದೆ ಅಂದರು. ನಾನು ತರ್ಜುಮೆ ಮಾಡಿದೆ. ಅವಳು, “ಮೊಸರು ಹಚ್ಚಿಕೊಳ್ಳಾಕ ಹೇಳ್ರಿ ಮೊದಲ” ಅಂದಳು. ಅದನ್ನೂ ಮಾಡಿದೆ.

ಮುಖ್ಯಸ್ಥರು ಕ್ಷಮೆ ಕೇಳಿದರು. ವಾಪಸ್ ಬರಬೇಕು, ಈ ಸಲ ಕಂಪನಿಯ ಖಾಯಂ ನೌಕರಳಾಗಿ ತೆಗೆದುಕೊಳ್ಳಲು ಪ್ರಯತ್ನಿಸುತ್ತೇನೆ ಅಂದರು. ಹಗ್ಗ ಎಳೆದವರನ್ನು ಯಾರೂ ಬೈಯಬಾರದು ಅಂತ ಎಲ್ಲ ಕಡೆ ಬೋರ್ಡ್ ಹಾಕಿಸುತ್ತೇನೆ ಅಂದರು.

ಅವಳು ತವೆಯ ಮೇಲಿನ ರೊಟ್ಟಿ ತಿರುವಿದಳು. “ಬೋರ್ಡ್ ಹಾಕಬ್ಯಾಡಂತ ಹೇಳ್ರಿ. ಉಗುಳಬ್ಯಾಡ್ರಿ ಅಂತ ಬೋರ್ಡ್ ಹಾಕಿದಲ್ಲೇ ಮಂದಿ ಉಗುಳತಾರು.”

“ಮತ್ತೆ ಏನು ಮಾಡಬೇಕು?” ಅಂತ ಕೇಳಿದರು.

“ಸೂಪರ್‌ವೈಸರ್ ಒಮ್ಮೆ ಎಳೀಲಿ. ಅವರ ತಪ್ಪಿಗೆ ಅವರ ಎಳೀಲಿ. ಅವರಿಗೆ ಏನೂ ಆಗಲಿಲ್ಲ ಅಂದ್ರ ಉಳದವರು ತಾವ ಎಳೀತಾರು.” ಇನ್ನೊಂದು ರೊಟ್ಟಿ ತವೆಗೆ ಹಾಕಿ, “ಅವರ ಕೆಲಸಾ ತಗೀಬ್ಯಾಡ್ರಿ ಮತ್ತ. ಅವರ ಮನ್ಯಾಗೂ ಮೂರು ಮಂದಿ ಅದಾರು” ಅಂದಳು.

ಮುಖ್ಯಸ್ಥರು ಇದನ್ನು ಕೇಳಿ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಖರಾಡಿಯಲ್ಲಿ ಎರಡು ದಿನ ಕೂತಾಗ ಅವರು ಏನೂ ಬರೆದುಕೊಂಡಿರಲಿಲ್ಲ.

ಅವಳು ಸೋಮವಾರ ವಾಪಸ್ ಬಂದಳು. ಖಾಯಂ ಆಗುವುದು ಅಷ್ಟು ಸುಲಭವಾಗಲಿಲ್ಲ. ಜಪಾನಿನ ಮುಖ್ಯ ಕಚೇರಿಯವರು, ಇಂಥ ಪದ್ಧತಿ ಇಲ್ಲ ಅಂದರು. ಅದಕ್ಕೆ ಎದುರಾಗಿ ಒಂದು ಪತ್ರ ಬರೆಯಲು ನಮ್ಮ ಮುಖ್ಯಸ್ಥರಿಗೆ ಮೂರು ದಿನ ಹಿಡಿಯಿತು. ನನ್ನನ್ನು ಕರೆದು ಓದಿ ತೋರಿಸಿ, “ತುಂಬ ಒರಟಾಯಿತೇ?” ಅಂತ ಕೇಳಿದರು. ಮೊದಲ ಎರಡು ಪುಟ ಹವಾಮಾನ ಮತ್ತು ಆರೋಗ್ಯದ ವಿಚಾರ ಇತ್ತು. ಮೂರನೆಯ ಪುಟದ ಕೊನೆಗೆ, ಸಾಧ್ಯವಾದರೆ ದಯವಿಟ್ಟು ಇನ್ನೊಮ್ಮೆ ಯೋಚಿಸಬಹುದೇ ಅಂತ ಬರೆದಿದ್ದರು. ಒರಟಾಗಿಲ್ಲ ಅಂದೆ. ಕಳಿಸುವ ಗುಂಡಿ ಒತ್ತುವ ಮೊದಲು ಅವರು ಪತ್ರವನ್ನು ಇನ್ನೂ ಮೂರು ಸಲ ಓದಿದರು. ಹಸಿರು ದೇಶದವರು, ಆದರೂ ಅಂಜಿದರು.

ಅವಳು ಹೇಳಿದ್ದನ್ನು ಮುಖ್ಯಸ್ಥರು ಸೂಪರ್‌ವೈಸರ್‌ಗೆ ತಿಳಿಸಿದ್ದರು, ಅವನ ಸರದಿ ಬುಧವಾರ ಬಂತು. ಹಿಂದಿನ ದಿನ ಅವನು ಕ್ಯಾಂಟೀನಿನಲ್ಲಿ ನನ್ನೆದುರು ಕೂತು, “ಮೇಡಂ, ನಾನು ಮೊದಲಿದ್ದ ಕಂಪನಿಯಲ್ಲಿ ಒಂದು ತಪ್ಪು ಕಂಡು ಮೇಲಿನವರಿಗೆ ಹೇಳಿದ್ದೆ. ನನ್ನನ್ನು ಗೋದಾಮಿಗೆ ಹಾಕಿದರು. ಎರಡು ವರ್ಷ ರಟ್ಟಿನ ಪೆಟ್ಟಿಗೆ ಎಣಿಸಿದೆ. ಅಂದಿನಿಂದ ನನಗೆ ಏನೂ ಕಾಣಿಸುವುದಿಲ್ಲ” ಅಂದ. ಹೇಳುವಾಗ ನಗಲಿಲ್ಲ. ನನಗೆ ಅವನ ಮೇಲಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಬುಧವಾರ ಅವನು, ತಾನೇ ಸರಿ ಇದೆ ಎಂದು ಬಿಟ್ಟಿದ್ದ ಒಂದು ಬೋಲ್ಟ್ ಸರಿಯಾಗಿ ಬಿಗಿದಿಲ್ಲ ಎಂಬುದನ್ನು ನೋಡಿದ. ನೋಡಿ ಸುತ್ತ ಒಮ್ಮೆ ಕಣ್ಣಾಡಿಸಿದ. ಆಮೇಲೆ ಕೈ ಎತ್ತಿ ಹಗ್ಗ ಎಳೆದ. ಸಂಗೀತ ಶುರುವಾಯಿತು. “ಮಾಝೀ ಚೂಕ್,” ಅಂದ. ನನ್ನ ತಪ್ಪು ಅಂತ. ಅಷ್ಟು ಗಟ್ಟಿಯಾಗಿ ಹೇಳಿದನೆಂದರೆ ಪಕ್ಕದ ಶೆಡ್ಡಿನಿಂದ ಇಬ್ಬರು ಇಣುಕಿದರು. ಮುಖ್ಯಸ್ಥರು ಬಂದು ಥ್ಯಾಂಕ್ಸ್ ಹೇಳಿದರು. ಬೋಲ್ಟ್ ಬಿಗಿದರು. ಲೈನ್ ಓಡಿತು. ಏನೂ ಆಗಲಿಲ್ಲ. ಏನೂ ಆಗದೆ ಇರುವುದನ್ನು ನೂರಿಪ್ಪತ್ತು ಜನ ನಿಂತು ನೋಡಿದರು.

ಆ ದಿನ ಮಧ್ಯಾಹ್ನ ಎರಡು ಸಲ ಸಂಗೀತ ಕೇಳಿತು. ಮುಂದಿನ ವಾರ ದಿನವೂ ಕೇಳಿತು. ತಿಂಗಳೊಳಗೆ ಎಷ್ಟು ಎಳೆದರೆಂದರೆ ಕ್ಯಾಂಟೀನಿನವರು ಆ ಸಂಗೀತದ ಸದ್ದು ತಗ್ಗಿಸಬೇಕೆಂದು ಅರ್ಜಿ ಕೊಟ್ಟರು. ನಾವೆಲ್ಲ ಹಿಂದಿನ ತಿಂಗಳಿದ್ದ ಅದೇ ಜನ, ಅದೇ ಊರಿನವರು, ಅದೇ ಡಬ್ಬಿ ತರುತ್ತಿದ್ದವರು. ಮನೆಯಲ್ಲಿ ಅಪ್ಪನಿಗೆ ಈಗಲೂ ಏನೂ ಹೇಳದವರು.

ಸಿಬ್ಬಂದಿ ವಿಭಾಗದ ಅಧಿಕಾರಿ ನನ್ನನ್ನು ಕರೆದು, ದುಭಾಷಿ ಸ್ವಂತ ಅಭಿಪ್ರಾಯ ಸೇರಿಸತಕ್ಕದ್ದಲ್ಲ ಎಂಬ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಮಾಡಿದೆ. ಕಾಗದದಲ್ಲಿ ಬರೆದದ್ದು ಸರಿಯಾಗಿಯೇ ಇತ್ತು. ಬೇರೆಯವರ ಮಾತಿನಿಂದ ಏನನ್ನೂ ತೆಗೆಯತಕ್ಕದ್ದಲ್ಲ ಅಂತಲೂ ಒಂದು ಸಾಲು ಸೇರಿಸಿ ಅಂದೆ. ಯೋಚಿಸುತ್ತೇವೆ ಅಂದರು. ಇನ್ನೂ ಯೋಚಿಸುತ್ತಿರಬಹುದು.

ಅವಳು ಖಾಯಂ ಆಗಲು ಒಂದು ವರ್ಷದ ಮೇಲೆ ಹಿಡಿಯಿತು. ಆದೇಶ ಬಂದ ದಿನ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕೂತು ಆ ಕಾಗದವನ್ನು ನನ್ನ ಕೈಗೆ ಕೊಟ್ಟು, “ಒಂದ ಮಾತೂ ಬಿಡದಂಗ ಓದ್ರಿ ಅಕ್ಕಾರ” ಅಂದಳು. ಬಿಡದ ಹಾಗೆ ಎಂಬುದನ್ನು ಒತ್ತಿ ಹೇಳಿದಳು. ನಾನು ರಜೆಯ ನಿಯಮಗಳನ್ನೂ, ಕೊನೆಯಲ್ಲಿದ್ದ ಮುದ್ರಣಾಲಯದ ಸಂಖ್ಯೆಯನ್ನೂ ಓದಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

ನಮ್ಮ ಮುಖ್ಯಸ್ಥರು ಅವಧಿ ಮುಗಿಸಿ ಹಿಂದಿರುಗಿದರು. ಹೋಗುವ ಮೊದಲು ಅವರು ಮಾಡಿದ ಕೊನೆಯ ಕೆಲಸವೆಂದರೆ, ಹೊಸದಾಗಿ ಸೇರಿದ ಆರು ಹೆಂಗಸರಿಗೆ ಲಾಕಿನ ಸಪ್ಪಳ ಗುರುತಿಸಲು ಕಲಿಸುವ ಜವಾಬ್ದಾರಿ ಅವಳಿಗೆ ಕೊಟ್ಟದ್ದು. ಆ ತರಗತಿಗೆ ನಾನೂ ಬರಬೇಕು ಅಂತ ಹೇಳಿದ್ದರು, ಏನಾದರೂ ತರ್ಜುಮೆ ಬೇಕಾದರೆ ಇರಲಿ ಎಂದು. ಹೋದೆ. ಆರು ಜನರಲ್ಲಿ ಇಬ್ಬರು ಬಿಹಾರದವರು, ಒಬ್ಬಳು ಲಾತೂರಿನವಳು, ಉಳಿದವರು ಎಲ್ಲಿಯವರೋ ನನಗೆ ಗೊತ್ತಿಲ್ಲ. ಅವಳು ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದಳು. ಒಂದು ಲಾಕ್ ತೆಗೆದು ಮುಚ್ಚಿದಳು. ಇನ್ನೊಂದನ್ನು ತೆಗೆದು ಮುಚ್ಚಿದಳು. ಯಾವುದು ಕೆಟ್ಟದ್ದು ಅಂತ ಕೈ ಎತ್ತಿ ತೋರಿಸಲು ಹೇಳಿದಳು. ಯಾರೂ ಎತ್ತಲಿಲ್ಲ. ಅವಳು ಅವಸರ ಮಾಡಲಿಲ್ಲ. ಮತ್ತೆ ಮುಚ್ಚಿದಳು. ಐದನೆಯ ಸಲಕ್ಕೆ ಹಿಂದಿನ ಸಾಲಿನಲ್ಲಿದ್ದವಳ ಕೈ ಅರ್ಧದವರೆಗೆ ಎದ್ದಿತು.

ನಾನು ಅರ್ಧ ಗಂಟೆ ಬಾಗಿಲಲ್ಲಿ ನಿಂತಿದ್ದೆ. ತರ್ಜುಮೆಗೆಂದು ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕ್ಯಾಂಟೀನಿಗೆ ಹೋಗಿ ಒಂದು ಚಹಾ ಕುಡಿದೆ, ಚಹಾ ಚೆನ್ನಾಗಿತ್ತು.